ಟಿವಿಯ ಬೆಳಕು ಎಲ್ಲಿಂದ ಬರುತ್ತದೆ? ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಬಿಚ್ಚಿ ನೋಡೋಣ

[ದೃಶ್ಯ: ಕತ್ತಲ ಕೋಣೆ. ಟಿವಿಯಿಂದ ಧಾರಾವಾಹಿಯ ಮಾತು ಕೇಳಿಸುತ್ತಿದೆ. ಪರದೆ ಪೂರ್ತಿ ಕಪ್ಪು.]

ಮಾತು ಕೇಳಿಸುತ್ತಿದೆ ಅಲ್ವಾ? ಅತ್ತೆ ಸೊಸೆಗೆ ಬೈಯುತ್ತಿದ್ದಾಳೆ. ಆದರೆ ಅತ್ತೆಯೂ ಕಾಣುತ್ತಿಲ್ಲ, ಸೊಸೆಯೂ ಕಾಣುತ್ತಿಲ್ಲ. ಈಗ ಮೊಬೈಲ್ ಟಾರ್ಚ್ ಹಾಕಿ ಪರದೆಗೆ ಓರೆಯಾಗಿ ಹಿಡಿಯುತ್ತೇನೆ. ಹತ್ತಿರದಿಂದ ನೋಡಿ.

[ದೃಶ್ಯ: ಟಾರ್ಚ್ ಬಿದ್ದ ಕಡೆ ಮಸುಕಾಗಿ ಒಂದು ಮುಖ.]

ಕಂಡಿತಾ? ಒಂದು ಕಿವಿ, ಅದರಲ್ಲಿ ಜುಮುಕಿ. ಟಾರ್ಚ್ ಸ್ವಲ್ಪ ಸರಿಸಿದರೆ ಮೂಗುತಿ. ಚಿತ್ರ ಪೂರ್ತಿ ಅಲ್ಲೇ ಇದೆ. ಓಡಾಡುತ್ತಲೂ ಇದೆ. ಹಿಂದೆ ದೀಪ ಇಲ್ಲ, ಅಷ್ಟೇ.

ಇದು ನಮ್ಮ ಮನೆಯ 43 ಇಂಚಿನ ಟಿವಿ. ಆರು ವರ್ಷ ದುಡಿಯಿತು. ಹೋದ ತಿಂಗಳು ಒಂದು ಸಂಜೆ ಆನ್ ಮಾಡಿದ ತಕ್ಷಣ ಒಂದು ಕ್ಷಣ ಮಿಂಚಿ ಕಪ್ಪಾಯಿತು. ಅಮ್ಮ ಫೋನ್ ಮಾಡಿ, "ಟಿವಿ ರೇಡಿಯೋ ಆಗಿದೆ ಕಣೋ" ಎಂದರು. ರಿಪೇರಿ ಮಾಡಿಸುವುದಾ, ಹೊಸದು ತರುವುದಾ ಎಂಬ ಚರ್ಚೆ ಶುರುವಾಯಿತು. ಕೊನೆಗೆ ಎರಡೂ ಆಯಿತು. ಆ ಓಡಾಟದಲ್ಲಿ ಕಲಿತಿದ್ದೇ ಈ ವಿಡಿಯೋ.

[ದೃಶ್ಯ: ರಿಪೇರಿ ಅಂಗಡಿಯ ಮೇಜು. ಟಿವಿಯನ್ನು ಮಲಗಿಸಿ ಫ್ರೇಮ್ ಬಿಚ್ಚುತ್ತಿದ್ದಾರೆ.]

ಬೆಂಗಳೂರಿನ ಎಸ್‌ಪಿ ರೋಡ್ ಕಡೆಯ ಒಂದು ಸಣ್ಣ ಅಂಗಡಿ. ಮೊದಲು ಎತ್ತಿಡುವುದು ಪ್ಯಾನೆಲ್. ಗಾಜಿನ ತೆಳ್ಳನೆಯ ಹಾಳೆ. ಇಬ್ಬರು ಉಸಿರು ಬಿಗಿಹಿಡಿದು, ಹಪ್ಪಳ ಎತ್ತಿದ ಹಾಗೆ ಎತ್ತುತ್ತಾರೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ. ಇದು ಚಟಕ್ಕೆಂದರೆ ಕಥೆ ಮುಗಿಯಿತು. ಪ್ಯಾನೆಲ್ ಬೆಲೆಗೆ ಇನ್ನೊಂಚೂರು ಸೇರಿಸಿದರೆ ಹೊಸ ಟಿವಿಯೇ ಬರುತ್ತದೆ.

ಆ ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಕೂಲಿಂಗ್ ಗ್ಲಾಸ್ ತರಹ ಕಪ್ಪಗೆ ಕಾಣುತ್ತದೆ. ಇದೇ ಎಲ್‌ಸಿಡಿ. ಇದಕ್ಕೆ ಸ್ವಂತ ಬೆಳಕು ಇಲ್ಲ. 4ಕೆ ಟಿವಿ ಆದರೆ ಇದರಲ್ಲಿ 82,94,400 ಪುಟ್ಟ ಕಿಟಕಿಗಳು, ಅಂದರೆ ಪಿಕ್ಸೆಲ್‌ಗಳು. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಬಾಗಿಲು. ಹಿಂದಿನಿಂದ ಬರುವ ಬೆಳಕನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು, ಅದಷ್ಟೇ ಇದರ ಕೆಲಸ. ಹಿಂದೆ ಉರಿಯುವ ಬೆಳಕಿನಲ್ಲಿ ನೂರಕ್ಕೆ ಹತ್ತು ಭಾಗವೂ ನಿಮ್ಮ ಕಣ್ಣಿಗೆ ಬರುವುದಿಲ್ಲ. ಉಳಿದಿದ್ದೆಲ್ಲ ದಾರಿಯಲ್ಲೇ ಖರ್ಚು.

ಗಾಜಿನ ಕೆಳಗೆ ಬಿಳಿ ಹಾಳೆಗಳು. ಬೆಳಕನ್ನು ಸಮನಾಗಿ ಹರಡುವುದಕ್ಕೆ. ಅದರ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳು. ಪಟ್ಟಿಯ ಮೇಲೆ ಸಾಲಾಗಿ ಎಲ್‌ಇಡಿ. ಪ್ರತಿ ಎಲ್‌ಇಡಿ ತಲೆಯ ಮೇಲೆ ಪ್ಲಾಸ್ಟಿಕ್ ಟೋಪಿ ಹಾಗೆ ಒಂದು ಲೆನ್ಸ್. ಅಂಗಡಿಯವರು ಮೀಟರ್ ಹಿಡಿದು ಒಂದೊಂದನ್ನೇ ಮುಟ್ಟುತ್ತಾ ಹೋದರು. ಹದಿನೇಳನೆಯದು ಹತ್ತಲಿಲ್ಲ. "ಇದೊಂದೇ ಸಾರ್ ಹೋಗಿರೋದು" ಎಂದರು. ಹಳೆ ಕಾಲದ ದೀಪಾವಳಿ ಸೀರಿಯಲ್ ಸೆಟ್ ಹಾಗೆ. ಸಾಲಿನಲ್ಲಿ ಒಂದು ಹೋದರೆ ಮಿಕ್ಕವೂ ಆರುತ್ತವೆ.

ಈಗ ಮುಖ್ಯ ವಿಷಯ. ಆರು ವರ್ಷದ ಹಿಂದೆ ಈ ಟಿವಿಯ ಡಬ್ಬದ ಮೇಲೆ ಏನಂತ ಬರೆದಿತ್ತು ಗೊತ್ತಾ? ಎಲ್‌ಇಡಿ ಟಿವಿ. ಆದರೆ ಚಿತ್ರ ತೋರಿಸುತ್ತಿದ್ದದ್ದು ಎಲ್‌ಸಿಡಿ. ಎಲ್‌ಇಡಿ ಬರೀ ಹಿಂದೆ ನಿಂತು ದೀಪ ಹಿಡಿಯುತ್ತಿತ್ತು. ಮೊದಲು ಆ ಜಾಗದಲ್ಲಿ ಸಣ್ಣ ಟ್ಯೂಬ್‌ಲೈಟುಗಳಿದ್ದವು. ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದರು, ಹೆಸರನ್ನೂ ಬದಲಾಯಿಸಿದರು. ಅವತ್ತಿನಿಂದ ಶುರುವಾದ ಹೆಸರಿನ ಆಟ ಇವತ್ತಿಗೂ ನಿಂತಿಲ್ಲ.

ಹಾಗಾಗಿ ಅಂಗಡಿಗೆ ಹೋದಾಗ ನಾನು ಈಗ ಎರಡೇ ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ. ಬೆಳಕು ಎಲ್ಲಿಂದ ಬರುತ್ತದೆ? ಅದು ಎಷ್ಟು ಕಡೆ ಬೇರೆ ಬೇರೆಯಾಗಿ ಆರುತ್ತದೆ?

[ದೃಶ್ಯ: ಪೆನ್‌ಡ್ರೈವ್ ಹಿಡಿದ ಕೈ. ನಂತರ ಯಕ್ಷಗಾನದ ರಾತ್ರಿ ದೃಶ್ಯ.]

ಎರಡನೇ ಪ್ರಶ್ನೆ ಯಾಕೆ ಮುಖ್ಯ ಎಂದು ತೋರಿಸುತ್ತೇನೆ. ಇದು ಮೂಡಬಿದಿರೆ ಹತ್ತಿರದ ಒಂದು ಬಯಲಾಟ. ನಾನೇ ಮೊಬೈಲಿನಲ್ಲಿ ಹಿಡಿದದ್ದು. ಸುತ್ತ ಗದ್ದೆ, ನಡುರಾತ್ರಿ. ಬಣ್ಣದ ವೇಷ ಬರುತ್ತಿದೆ. ದೊಂದಿಗೆ ರಾಳ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ, ನೋಡಿ. ಕಿರೀಟ ಮಿಂಚುತ್ತದೆ. ಅದರ ಹಿಂದೆ ಕಡುಕತ್ತಲು. ಟಿವಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ನನಗೆ ಸಿಕ್ಕಿಲ್ಲ. ಅದಕ್ಕೇ ಇದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಶೋರೂಮಿಗೆ ಹೋದೆ.

ನಮ್ಮ ಹಳೆ ಟಿವಿಯಂಥದ್ದರಲ್ಲಿ ಹಿಂದಿನ ಅಷ್ಟೂ ದೀಪ ಒಟ್ಟಿಗೆ ಉರಿಯುತ್ತವೆ. ಇದನ್ನು ಡೈರೆಕ್ಟ್ ಲಿಟ್ ಎನ್ನುತ್ತಾರೆ. ದೊಂದಿಯ ಹಿಂದೆಯೂ ಅಷ್ಟೇ ಬೆಳಕು, ಕತ್ತಲೆ ಗದ್ದೆಯ ಹಿಂದೆಯೂ ಅಷ್ಟೇ ಬೆಳಕು. ಗದ್ದೆ ಇರುವ ಕಡೆ ಎಲ್‌ಸಿಡಿ ತನ್ನ ಬಾಗಿಲು ಹಾಕಿಕೊಳ್ಳುತ್ತದೆ. ಆದರೆ ಬಾಗಿಲು ಹಾಕಿದರೂ ಸಂದಿಯಲ್ಲಿ ಬೆಳಕು ಸೋರುತ್ತದಲ್ಲ, ಹಾಗೆ ಸೋರುತ್ತದೆ. ಕಪ್ಪು ಹೋಗಿ ಬೂದಿ ಬಣ್ಣ ಆಗುತ್ತದೆ. ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವಾಗ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ನಿಮ್ಮ ಟಿವಿಯಲ್ಲಿ ಬೂದಿಯಾಗಿ ಕಾಣುತ್ತಾ? ಕಾರಣ ಇದೇ.

ಎಷ್ಟು ಸೋರುತ್ತದೆ ಅನ್ನುವುದು ಪ್ಯಾನೆಲ್ ಮೇಲೂ ನಿಂತಿದೆ. ಎಲ್‌ಸಿಡಿಯಲ್ಲಿ ಎರಡು ಜಾತಿ ಜಾಸ್ತಿ ಸಿಗುತ್ತವೆ. ವಿಎ ಮತ್ತು ಐಪಿಎಸ್. ವಿಎ ಬಾಗಿಲು ಗಟ್ಟಿಯಾಗಿ ಹಾಕಿಕೊಳ್ಳುತ್ತದೆ. ಅದರ ಬಿಳುಪು ಕಪ್ಪಿಗಿಂತ ಮೂರರಿಂದ ಐದು ಸಾವಿರ ಪಟ್ಟು ಬೆಳಗುತ್ತದೆ. ಐಪಿಎಸ್‌ನಲ್ಲಿ ಅದು ಸಾವಿರ ಪಟ್ಟಿನ ಆಸುಪಾಸು. ಹಾಗಾದರೆ ಐಪಿಎಸ್ ಯಾಕೆ ಬೇಕು? ನಮ್ಮಮ್ಮನಿಗಾಗಿ. ಅವರು ಟಿವಿ ಮುಂದೆ ಕೂತು ಸೀರಿಯಲ್ ನೋಡಿದ್ದನ್ನು ನಾನು ನೋಡಿಯೇ ಇಲ್ಲ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ನೋಡುವುದು. ಅಷ್ಟು ಓರೆಯಿಂದ ನೋಡಿದರೆ ವಿಎ ಪ್ಯಾನೆಲ್ ಬಣ್ಣ ಪೇಲವವಾಗುತ್ತದೆ, ಐಪಿಎಸ್ ಹೆಚ್ಚು ಕೆಡುವುದಿಲ್ಲ. ಶೋರೂಮಿನಲ್ಲಿ ನೀವೂ ಎದುರಿಗೆ ನಿಂತು ನೋಡಿ ಬರಬೇಡಿ. ನಿಮ್ಮ ಮನೆಯ ಸೋಫಾ ತುದಿ ಎಲ್ಲಿದೆಯೋ ಅಷ್ಟು ಪಕ್ಕಕ್ಕೆ ಹೋಗಿ ನಿಲ್ಲಿ.

ಇನ್ನು ಎಡ್ಜ್ ಲಿಟ್. ದೀಪಗಳೆಲ್ಲ ಅಂಚಿನಲ್ಲಿ. ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ. ಅಲ್ಲಿಂದ ಒಂದು ಪ್ಲಾಸ್ಟಿಕ್ ಹಲಗೆಯೊಳಗೆ ಬೆಳಕು ಹರಿದು ಪರದೆ ತುಂಬಾ ಹರಡಬೇಕು. ಟಿವಿ ತುಂಬಾ ತೆಳ್ಳಗೆ, ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಹಾಗೆ ಕಾಣುತ್ತದೆ. ನಾನು ಒಮ್ಮೆ ಆ ತೆಳುವಿಗೆ ಮರುಳಾಗಿ ನನ್ನ ರೂಮಿಗೆ ಒಂದು ತಂದಿದ್ದೆ. ಯಾವ ಕಂಪನಿ ಅಂತ ಕೇಳಬೇಡಿ. ರಾತ್ರಿಯ ದೃಶ್ಯ ಬಂದರೆ ನಾಲ್ಕೂ ಮೂಲೆಯಲ್ಲಿ ಹೊಗೆ ಎದ್ದ ಹಾಗೆ ಬಿಳಿ ಮಬ್ಬು. ಗೋಡೆಯ ಮೇಲೆ ಚೆಂದ ಇತ್ತು. ಆನ್ ಮಾಡದಿದ್ದರೆ ಇನ್ನೂ ಚೆಂದ. ತೆಳ್ಳಗಿದೆ ಅನ್ನುವ ಒಂದೇ ಕಾರಣಕ್ಕೆ ಟಿವಿ ತೆಗೆದುಕೊಳ್ಳಬೇಡಿ. ನೀವು ಅದನ್ನು ಪಕ್ಕದಿಂದ ನೋಡುವುದು ತಂದ ದಿನ ಮಾತ್ರ.

[ದೃಶ್ಯ: ಚೌಕ ಚೌಕವಾಗಿ ಬೇರೆ ಬೇರೆ ಉರಿಯುವ ದೀಪಗಳ ಅನಿಮೇಷನ್.]

ಈ ಬೂದಿ ಕಪ್ಪಿಗೆ ಮದ್ದು ಏನು? ಹಿಂದಿನ ದೀಪಗಳನ್ನು ಗುಂಪು ಗುಂಪಾಗಿ ಮಾಡಿ, ಒಂದೊಂದು ಗುಂಪಿಗೂ ಬೇರೆ ಸ್ವಿಚ್ ಕೊಡುವುದು. ದೊಂದಿ ಇರುವ ಕಡೆ ಪೂರ್ತಿ ಉರಿ, ಗದ್ದೆ ಇರುವ ಕಡೆ ಆರಿಸು. ಇದೇ ಲೋಕಲ್ ಡಿಮ್ಮಿಂಗ್. ಪರದೆಯ ಹಿಂದೆ ಪೂರ್ತಿ ದೀಪ ಹರಡಿ ಹೀಗೆ ಮಾಡಿದರೆ ಫುಲ್ ಅರೇ ಲೋಕಲ್ ಡಿಮ್ಮಿಂಗ್. ಒಂದೊಂದು ಗುಂಪನ್ನು ಝೋನ್ ಎನ್ನುತ್ತಾರೆ.

ದೀಪವನ್ನೇ ಇನ್ನೂ ಚಿಕ್ಕದು ಮಾಡಿ ಸಾವಿರಾರು ಸಂಖ್ಯೆಯಲ್ಲಿ ತುಂಬಿದರೆ ಮಿನಿ ಎಲ್‌ಇಡಿ. ಝೋನ್‌ಗಳು ನೂರಾರು, ದುಬಾರಿ ಟಿವಿಗಳಲ್ಲಿ ಸಾವಿರಾರು. ಟಿಸಿಎಲ್ 2019ರಲ್ಲಿ ಇಂಥ ಟಿವಿಯನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಎಲ್ಲರೂ ಹಿಂದೆ ಬಂದರು. ನನ್ನ ಪ್ರಕಾರ ಎಲ್‌ಸಿಡಿಗೆ ಬಂದ ಅತಿ ದೊಡ್ಡ ಸುಧಾರಣೆ ಇದು.

ಆದರೆ ಒಂದು ಲೆಕ್ಕ ಹಾಕಿ. 500 ಝೋನ್ ಇರುವ 4ಕೆ ಟಿವಿ ಎಂದುಕೊಳ್ಳಿ. 82,94,400 ಪಿಕ್ಸೆಲ್ ಅನ್ನು 500ರಿಂದ ಭಾಗಿಸಿದರೆ ಒಂದು ಸ್ವಿಚ್‌ಗೆ ಸುಮಾರು 16,600 ಪಿಕ್ಸೆಲ್. ಅಂದರೆ ಕಪ್ಪು ಆಕಾಶದಲ್ಲಿ ಒಂದು ನಕ್ಷತ್ರ ತೋರಿಸಬೇಕಾದರೂ ಅಷ್ಟು ದೊಡ್ಡ ಚೌಕ ಪೂರ್ತಿ ಹತ್ತಬೇಕು. ಸೋರಿದ ಬೆಳಕು ನಕ್ಷತ್ರದ ಸುತ್ತ ಪ್ರಭೆ ತರಹ ನಿಲ್ಲುತ್ತದೆ. ಇದನ್ನು ಬ್ಲೂಮಿಂಗ್ ಎನ್ನುತ್ತಾರೆ. ಶೋರೂಮಿನಲ್ಲಿ ಇದನ್ನು ಹಿಡಿಯುವುದು ಸುಲಭ. ಕತ್ತಲೆ ದೃಶ್ಯದಲ್ಲಿ ಸಬ್‌ಟೈಟಲ್ ಹಾಕಿಸಿ. ಬಿಳಿ ಅಕ್ಷರದ ಸುತ್ತ ಮಂಜು ಕವಿದ ಹಾಗೆ ಕಂಡರೆ ಝೋನ್ ಕಡಿಮೆ ಇದೆ, ಇಲ್ಲವೇ ಇದ್ದದ್ದನ್ನು ಸರಿಯಾಗಿ ಆಡಿಸಲು ಆ ಟಿವಿಗೆ ಬರುವುದಿಲ್ಲ.

ಎಷ್ಟೋ ಡಬ್ಬಗಳ ಮೇಲೆ ಮಿನಿ ಎಲ್‌ಇಡಿ ಎಂದು ದಪ್ಪಕ್ಕೆ ಬರೆದಿರುತ್ತದೆ, ಝೋನ್ ಎಷ್ಟು ಎಂದು ಇರುವುದಿಲ್ಲ. ಕೇಳಿ. ಮಾರುವವರು ಉತ್ತರ ಕೊಡದೆ ರಿಮೋಟ್‌ನ ಮಾತು ತೆಗೆದರೆ ಅರ್ಥ ಮಾಡಿಕೊಳ್ಳಿ.

[ದೃಶ್ಯ: ಶೋರೂಮ್. ಸಾಲು ಸಾಲು ಟಿವಿ, ಎಲ್ಲದರಲ್ಲೂ ಹೂವು, ಗಿಳಿ, ಜೇನು.]

ಈಗ ಕ್ಯೂಎಲ್‌ಇಡಿ. ನಾನು ಹೋದ ಅಂಗಡಿಯ ಹುಡುಗ ಬಹಳ ವಿಶ್ವಾಸದಿಂದ ಹೇಳಿದ: "ಸಾರ್, ಓಎಲ್‌ಇಡಿಗಿಂತ ಕ್ಯೂಎಲ್‌ಇಡಿ ಒಂದು ಲೆವೆಲ್ ಮೇಲೆ." ಅವನ ತಪ್ಪಲ್ಲ. ಇಂಗ್ಲಿಷಿನ ಓ ಅಕ್ಷರಕ್ಕೆ ಒಂದು ಬಾಲ ಇಟ್ಟರೆ ಕ್ಯೂ ಆಗುತ್ತದೆ. ಹೆಸರು ಇಟ್ಟವರಿಗೆ ಅದು ಗೊತ್ತಿರಲಿಲ್ಲ ಎಂದು ನನಗೇನೂ ಅನಿಸುವುದಿಲ್ಲ. ಸ್ಯಾಮ್‌ಸಂಗ್ 2017ರಲ್ಲಿ ಈ ಹೆಸರಿನಲ್ಲಿ ಟಿವಿ ತಂದಿತು. ಈಗ ಹತ್ತಾರು ಕಂಪನಿಗಳು ಅದೇ ಹೆಸರು ಬಳಸುತ್ತವೆ.

ಕ್ಯೂಎಲ್‌ಇಡಿಯೂ ಎಲ್‌ಸಿಡಿಯೇ. ಒಂದೇ ವ್ಯತ್ಯಾಸ, ಆಗ ನೋಡಿದೆವಲ್ಲ ಬಿಳಿ ಹಾಳೆಗಳು, ಅವುಗಳ ಜೊತೆ ಇನ್ನೊಂದು ಹಾಳೆ ಇರುತ್ತದೆ. ಅದರಲ್ಲಿ ಕ್ವಾಂಟಮ್ ಡಾಟ್ ಎಂಬ ಅತಿ ಸಣ್ಣ ಹರಳುಗಳು. ಒಂದೊಂದೂ ಕೆಲವೇ ನ್ಯಾನೋಮೀಟರ್. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. ಹಿಂದಿನಿಂದ ನೀಲಿ ಎಲ್‌ಇಡಿ ಬೆಳಕು ಬಿದ್ದರೆ ಚಿಕ್ಕ ಹರಳು ಹಸಿರು ಸೂಸುತ್ತದೆ, ಸ್ವಲ್ಪ ದೊಡ್ಡದು ಕೆಂಪು ಸೂಸುತ್ತದೆ. ಗಾತ್ರ ಬದಲಾದರೆ ಬಣ್ಣವೇ ಬದಲು. ನನಗೆ ಇದು ಎಷ್ಟು ಸಲ ಓದಿದರೂ ಬೆರಗೇ. ಇದನ್ನು ಕಂಡುಹಿಡಿದು ಬೆಳೆಸಿದ ಬವೆಂಡಿ, ಬ್ರಸ್, ಎಕಿಮೊವ್ ಅವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ನೀಲಿ ಎಲ್‌ಇಡಿ ಮಾಡಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲೇ ಭೌತಶಾಸ್ತ್ರದ ನೊಬೆಲ್ ಸಿಕ್ಕಿತ್ತು. ಎರಡು ನೊಬೆಲ್ ಸೇರಿ ನಮ್ಮ ಹಾಲ್‌ನಲ್ಲಿ ಧಾರಾವಾಹಿ ತೋರಿಸುತ್ತಿವೆ.

ಬಣ್ಣ ನಿಜಕ್ಕೂ ಚೆನ್ನಾಗಿರುತ್ತದೆ. ಆ ಬಣ್ಣದ ವೇಷದ ಕೆಂಪು, ಕೆಂಪಾಗಿಯೇ ಕಾಣುತ್ತದೆ, ಕಿತ್ತಳೆಗೆ ತಿರುಗುವುದಿಲ್ಲ. ಆದರೆ ಕಪ್ಪಿಗೂ ಕ್ವಾಂಟಮ್ ಡಾಟ್‌ಗೂ ಸಂಬಂಧ ಇಲ್ಲ. ಅಗ್ಗದ ಕ್ಯೂಎಲ್‌ಇಡಿಯಲ್ಲಿ ಝೋನ್ ಒಂದೂ ಇಲ್ಲದೆ ಇರಬಹುದು. ನಾನು ತಂದ ಆ ತೆಳ್ಳನೆಯ ಟಿವಿ ಕೂಡ ಕ್ಯೂಎಲ್‌ಇಡಿಯೇ ಆಗಿತ್ತು. ಬಣ್ಣಕ್ಕೆ ಒಂದು ಮಾರ್ಕೂ ಕಡಿಮೆ ಕೊಡಲ್ಲ. ಗದ್ದೆ ಮಾತ್ರ ಬೂದಿ.

[ದೃಶ್ಯ: ಓಎಲ್‌ಇಡಿ ಪರದೆಯಲ್ಲಿ ಅದೇ ಬಯಲಾಟ.]

ಓಎಲ್‌ಇಡಿಗೆ ಹಿಂದೆ ದೀಪವೇ ಬೇಡ. ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ, ಬೇಡವೆಂದರೆ ತಾನೇ ಆರುತ್ತದೆ. ಎಂಬತ್ತು ಲಕ್ಷ ಚಿಲ್ಲರೆ ಸ್ವಿಚ್. ಕೊಡಾಕ್ ಕಂಪನಿಯ ಚಿಂಗ್ ತಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಇದರ ದಾರಿ ತೋರಿಸಿದರು. ಸೋನಿ 2007ರಲ್ಲಿ ಮೊದಲ ಓಎಲ್‌ಇಡಿ ಟಿವಿ ಮಾರಿತು. ಬರೀ 11 ಇಂಚು! 55 ಇಂಚಿನದು ಎಲ್‌ಜಿಯಿಂದ ಬರಲು 2013 ಆಗಬೇಕಾಯಿತು.

ಶೋರೂಮಿನಲ್ಲಿ ಇದರ ಮೇಲೆ ಬಯಲಾಟ ಹಾಕಿಸಿದಾಗ ಆ ಹುಡುಗನೂ ಒಂದು ನಿಮಿಷ ಸುಮ್ಮನಾದ. ದೊಂದಿ ಉರಿಯುತ್ತಿದೆ, ಅದರ ಪಕ್ಕದಲ್ಲೇ ಕತ್ತಲೆ ಕತ್ತಲೆಯಾಗಿಯೇ ಇದೆ. ಎಲ್ಲಿ ಪರದೆ ಮುಗಿಯಿತು, ಎಲ್ಲಿ ಟಿವಿಯ ಚೌಕಟ್ಟು ಶುರುವಾಯಿತು ಗೊತ್ತಾಗಲಿಲ್ಲ. ಪಕ್ಕದಿಂದ ನೋಡಿದರೂ ಬಣ್ಣ ಕೆಡಲಿಲ್ಲ. ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರು ನೀವಾದರೆ, ಜೇಬಲ್ಲಿ ದುಡ್ಡೂ ಇದ್ದರೆ, ಮುಂದೆ ನೋಡುವ ಅಗತ್ಯವೇ ಇಲ್ಲ. ಇದನ್ನೇ ತೆಗೆದುಕೊಳ್ಳಿ.

ಆದರೆ ನಾನು ತೆಗೆದುಕೊಳ್ಳಲಿಲ್ಲ. ಕಾರಣ ನಮ್ಮಪ್ಪ.

ಅಪ್ಪ ಬೆಳಗ್ಗೆ ಆರಕ್ಕೆ ನ್ಯೂಸ್ ಚಾನೆಲ್ ಹಾಕಿದರೆ ರಾತ್ರಿ ಊಟದವರೆಗೂ ಅದೇ. ಕನ್ನಡ ನ್ಯೂಸ್ ಚಾನೆಲ್ ಪರದೆ ಒಮ್ಮೆ ಗಮನಿಸಿ ನೋಡಿ. ಮೂಲೆಯಲ್ಲಿ ಚಾನೆಲ್ ಗುರುತು. ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಬ್ರೇಕಿಂಗ್ ನ್ಯೂಸ್, ಅದರ ಕೆಳಗೆ ಓಡುವ ಇನ್ನೊಂದು ಸಾಲು. ಸುದ್ದಿ ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ಓಎಲ್‌ಇಡಿ ಪಿಕ್ಸೆಲ್ ಉರಿದಷ್ಟೂ ಸವೆಯುತ್ತದೆ. ಒಂದೇ ಜಾಗ ವರ್ಷಗಟ್ಟಲೆ ಹೀಗೆ ಉರಿದರೆ ಆ ಗುರುತು ಅಲ್ಲೇ ಅಚ್ಚಾಗಿ ಕೂರಬಹುದು. ಬರ್ನ್ ಇನ್ ಎನ್ನುವುದು ಇದಕ್ಕೇ. ಈಗಿನ ಟಿವಿಗಳಲ್ಲಿ ಇದು ಮೊದಲಿಗಿಂತ ಎಷ್ಟೋ ಕಡಿಮೆ. ಮೂರು ಹೊತ್ತು ಬೇರೆ ಬೇರೆ ಕಾರ್ಯಕ್ರಮ ನೋಡುವವರು ಹೆದರಬೇಕಾಗಿಲ್ಲ. ನಮ್ಮಪ್ಪನಂಥವರ ಮನೆಯವರು ಹೆದರಬೇಕು.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ಹೇಳಲೇಬೇಕಾದದ್ದು. ರಾತ್ರಿ ಮಲಗುವಾಗ ಟಿವಿಯ ಸ್ವಿಚ್ಚನ್ನು ಗೋಡೆಯಲ್ಲೇ ಆಫ್ ಮಾಡುವ ಅಭ್ಯಾಸ ಇದೆಯಲ್ಲ? ಕೆಲವು ಗಂಟೆ ಓಡಿದ ಓಎಲ್‌ಇಡಿ, ರಿಮೋಟ್‌ನಲ್ಲಿ ಆಫ್ ಮಾಡಿದ ಮೇಲೆ ತನ್ನ ಪಿಕ್ಸೆಲ್‌ಗಳ ಸವೆತ ಅಳೆದು ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಕರೆಂಟ್ ಬೇಕು. ಗೋಡೆಯಲ್ಲಿ ಆಫ್ ಮಾಡಿದರೆ ಆ ಕೆಲಸ ನಡೆಯುವುದೇ ಇಲ್ಲ. ಗುಡುಗು ಸಿಡಿಲಿನ ದಿನ ಮಾತ್ರ ಪ್ಲಗ್ ಕಿತ್ತಿಡಿ, ಅದಕ್ಕೆ ನನ್ನ ತಕರಾರಿಲ್ಲ.

ನಮ್ಮ ಹಾಲ್‌ಗೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇರೆ ಇದೆ. ಮಧ್ಯಾಹ್ನ ಮೂರರ ಬಿಸಿಲು ನೇರ ಟಿವಿ ಮೇಲೆ. ಓಎಲ್‌ಇಡಿ ಸಣ್ಣ ಜಾಗದಲ್ಲಿ ಜೋರಾಗಿ ಬೆಳಗುತ್ತದೆ, ಉದಾಹರಣೆಗೆ ಆ ದೊಂದಿ. ಆದರೆ ಪರದೆ ಪೂರ್ತಿ ಬೆಳ್ಳಗೆ ಬೆಳಗಬೇಕೆಂದರೆ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಗಲು ಪಂದ್ಯದ ಕ್ರಿಕೆಟ್ ಮೈದಾನ ನೆನಪಿಸಿಕೊಳ್ಳಿ, ಇಡೀ ಪರದೆ ಬಿಸಿಲು. ಅಲ್ಲಿ ಮಿನಿ ಎಲ್‌ಇಡಿಯದ್ದೇ ಮೇಲುಗೈ.

ಕ್ಯೂಡಿ ಓಎಲ್‌ಇಡಿ ಎಂಬುದು ಬೇರೆ. ಇದು ನಿಜವಾದ ಓಎಲ್‌ಇಡಿಯೇ. ನೀಲಿ ಓಎಲ್‌ಇಡಿ ಮೇಲೆ ಕ್ವಾಂಟಮ್ ಡಾಟ್ ಪದರ ಇರುತ್ತದೆ, ಟಿವಿಯಾಗಿ 2022ರಲ್ಲಿ ಬಂತು, ಬಣ್ಣ ಅದ್ಭುತ, ಬೆಲೆಯೂ ಹಾಗೇ. ಪ್ರತಿ ಪಿಕ್ಸೆಲ್ಲೂ ಪುಟಾಣಿ ಎಲ್‌ಇಡಿಗಳಿಂದಲೇ ಉರಿಯುವ ಮೈಕ್ರೋ ಎಲ್‌ಇಡಿ ಸದ್ಯಕ್ಕೆ ಮನೆ ಕಟ್ಟುವಷ್ಟು ದುಡ್ಡಿರುವವರಿಗೆ. ಬಿಳಿ ಅಥವಾ ನೀಲಿ ದೀಪದ ಬದಲು ಹಿಂದೆ ಕೆಂಪು, ಹಸಿರು, ನೀಲಿ ದೀಪಗಳನ್ನೇ ಇಟ್ಟ ಟಿವಿಗಳು 2025ರಲ್ಲಿ ಬಂದಿವೆ. ಹೈಸೆನ್ಸ್, ಸ್ಯಾಮ್‌ಸಂಗ್ ನೂರು ಇಂಚಿಗಿಂತ ದೊಡ್ಡದರಲ್ಲಿ ಶುರು ಮಾಡಿವೆ. ಅದು ನಮ್ಮ ಗಾತ್ರಕ್ಕೆ, ನಮ್ಮ ಬೆಲೆಗೆ ಇಳಿದಾಗ ಮತ್ತೊಂದು ವಿಡಿಯೋ ಮಾಡೋಣ.

ಎಚ್‌ಡಿಆರ್ ಬಗ್ಗೆ ಒಂದೇ ಮಾತು. ಒಂದೇ ದೃಶ್ಯದಲ್ಲಿ ಜೋರು ಬೆಳಕನ್ನೂ ಕಡುಕತ್ತಲನ್ನೂ ಹಿಡಿದಿಡುವ ವಿಡಿಯೋ ವಿಧಾನ ಅದು. ಡಬ್ಬದ ಮೇಲೆ ಎಚ್‌ಡಿಆರ್ ಎಂದಿದ್ದರೆ ಆ ಟಿವಿಗೆ ಆ ಭಾಷೆ ಅರ್ಥ ಆಗುತ್ತದೆ ಎಂದಷ್ಟೇ. ಆ ಭಾಷೆ ಮಾತಾಡಲು ಬರುತ್ತದೆ ಎಂದಲ್ಲ. ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1,000 ಅಥವಾ 4,000 ನಿಟ್ಸ್ ಲೆಕ್ಕದಲ್ಲಿ ತಯಾರಿಸುತ್ತಾರೆ. ಅಗ್ಗದ ಟಿವಿ 250, 300ಕ್ಕೆ ಸುಸ್ತಾಗುತ್ತದೆ.

[ದೃಶ್ಯ: ರಿಮೋಟ್‌ನಲ್ಲಿ ಪಿಕ್ಚರ್ ಮೋಡ್ ಬದಲಿಸುವುದು.]

ಶೋರೂಮಿನಲ್ಲಿ ಎಲ್ಲ ಟಿವಿಯೂ ವಿವಿಡ್ ಮೋಡ್‌ನಲ್ಲಿ ಓಡುತ್ತಿರುತ್ತದೆ. ಗಿಳಿ ಹಸಿರೋ ಹಸಿರು. ರಿಮೋಟ್ ಕೇಳಿ ಇಸ್ಕೊಳ್ಳಿ, ಮೂವಿ ಅಥವಾ ಸಿನಿಮಾ ಮೋಡ್‌ಗೆ ಹಾಕಿ. ಪರದೆ ಒಮ್ಮೆಲೇ ಹಳದಿಯಾದ ಹಾಗೆ ಅನಿಸುತ್ತದೆ. ಎರಡು ನಿಮಿಷ ತಾಳಿ, ಕಣ್ಣು ಒಗ್ಗಿಕೊಳ್ಳುತ್ತದೆ. ಆಮೇಲೆ ಮನುಷ್ಯರ ಮುಖ ನೋಡಿ. ಗಿಳಿಯ ಬಣ್ಣ ನಮಗೇನು ಗೊತ್ತು, ಮುಖದ ಬಣ್ಣ ಗೊತ್ತಲ್ಲ.

ಬೆಲೆ ಹಬ್ಬಕ್ಕೊಂದು, ವಾರಕ್ಕೊಂದು ಇರುತ್ತದೆ, ಹಾಗಾಗಿ ಹೇಳುವುದಿಲ್ಲ. ಒಂದು ಲೆಕ್ಕ ಮಾತ್ರ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಮೂಲ ಬೆಲೆ 50,000 ಇದ್ದರೆ ಮೊದಲು 64,000 ಆಗುತ್ತಿತ್ತು, ಈಗ 59,000. ಹಳೆಯ ಬೆಲೆ ಹೇಳಿ ಅದರ ಮೇಲೆ ಡಿಸ್ಕೌಂಟ್ ಕೊಟ್ಟ ಹಾಗೆ ಮಾತಾಡುವವರು ಸಿಕ್ಕರೆ ಈ ಲೆಕ್ಕ ಒಪ್ಪಿಸಿ.

ನಾವು ಹಾಲ್‌ಗೆ ತಂದದ್ದು 55 ಇಂಚಿನ ಮಿನಿ ಎಲ್‌ಇಡಿ. ರಾತ್ರಿ ಒಬ್ಬನೇ ಸಿನಿಮಾ ನೋಡುವಾಗ ಸಬ್‌ಟೈಟಲ್ ಸುತ್ತ ಸ್ವಲ್ಪ ಮಂಜು ಕಾಣುತ್ತದೆ. ಆಗೆಲ್ಲ ಆ ಓಎಲ್‌ಇಡಿ ನೆನಪಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅಪ್ಪನಿಗೆ ಬ್ರೇಕಿಂಗ್ ನ್ಯೂಸ್ ಬಿಸಿಲಲ್ಲೂ ಚೆನ್ನಾಗಿ ಕಾಣುತ್ತಿದೆ.

[ದೃಶ್ಯ: ರಿಪೇರಿ ಅಂಗಡಿ. ಹೊಸ ಎಲ್‌ಇಡಿ ಪಟ್ಟಿಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ.]

ಹಳೆಯ 43 ಇಂಚಿಗೆ ಸ್ಟ್ರಿಪ್ ಪೂರ್ತಿ ಸೆಟ್ ಬದಲಾಯಿಸಿದರು. ಕೆಟ್ಟ ಒಂದೇ ಎಲ್‌ಇಡಿ ಬದಲಾಯಿಸಿದರೆ ಮಿಕ್ಕವು ಸರದಿಯಲ್ಲಿ ಬರುತ್ತವೆ, ಮತ್ತೆ ಬಿಚ್ಚಬೇಕಾಗುತ್ತದೆ ಎಂದರು. ಕೊಡುವಾಗ ಒಂದು ಮಾತು ಹೇಳಿದರು: "ಬ್ಯಾಕ್‌ಲೈಟ್ ನೂರಕ್ಕೆ ಇಟ್ಟು ಓಡಿಸ್ತೀರಲ್ಲ ಸಾರ್, ಅದಕ್ಕೇ ಬೇಗ ಹೋಗೋದು." ಎಲ್‌ಇಡಿ ಬಿಸಿಯಾದಷ್ಟೂ ಬೇಗ ಸಾಯುತ್ತದೆ, ಅವರು ಹೇಳಿದ್ದು ಸರಿ.

ಆ ಟಿವಿ ಈಗ ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ನೇರವಾಗಿ ಇದೆ. ಬ್ಯಾಕ್‌ಲೈಟನ್ನು 60ಕ್ಕೆ ಇಳಿಸಿ ಕೊಟ್ಟೆ. ಅಮ್ಮ ಸೌಟು ಹಿಡಿದು ಎರಡು ನಿಮಿಷ ನೋಡಿದರು. "ಯಾಕೋ ಮಬ್ಬಾಗಿದೆಯಲ್ಲೋ" ಎಂದರು. ಸಂಜೆ ನಾನು ಬರುವಷ್ಟರಲ್ಲಿ ಮತ್ತೆ ನೂರಕ್ಕೆ ಏರಿಸಿದ್ದರು.